ಜೋಗದ ಬೆಳಕು, ನಮ್ಮತ್ತೆಯ ಊರು

ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ನಮ್ಮ ಸಂಘದ ರಾಜ್ಯೋತ್ಸವ ನಡೆಯುವಾಗ ಮಕ್ಕಳೆಲ್ಲ ಸೇರಿ ಕೆ. ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಹಾಡುವುದು ವಾಡಿಕೆ. ನನ್ನ ಮಗಳೂ ಆರನೆಯ ವಯಸ್ಸಿನಿಂದ ಅದನ್ನು ಹಾಡುತ್ತ ಬಂದಿದ್ದಾಳೆ. ಮೊದಲೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳು. ಈಗ ಕನ್ನಡ ಓದಲು ಬರುತ್ತದೆ, ಸ್ವಲ್ಪ ನಿಧಾನ. 2025ರ ರಾಜ್ಯೋತ್ಸವ ಮುಗಿಸಿ ಲೋಕಲ್ ರೈಲಿನಲ್ಲಿ ಮನೆಗೆ ಬರುವಾಗ ಸುಮ್ಮನೆ ಕೇಳಿದೆ: "ಆ ಹಾಡು ಶುರುವಾಗೋದೇ ಜೋಗದ ಹೆಸರಿನಿಂದ. ಜೋಗ ಅಂದರೆ ಏನು ಹೇಳು ನೋಡೋಣ?"

ಅವಳು ತಡವರಿಸಲಿಲ್ಲ. "ಯೋಗಾನೇ ಅಲ್ವಾ ಅಮ್ಮ? ಮರಾಠಿಯಲ್ಲಿ ಹೇಳಿದ ಹಾಗೆ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದುರಿನ ಸೀಟಿನಲ್ಲಿ ಕುಳಿತಿದ್ದ ನಮ್ಮತ್ತೆ ಮಾತ್ರ ಕಿಟಕಿಯಿಂದ ಮುಖ ತಿರುಗಿಸಿ, "ಜೋಗ ಅಂದ್ರೆ ನಮ್ಮೂರಿನ ನೀರು ಹೋಗಿ ಬೀಳ್ತಿದ್ದ ಜಾಗ ಕಣೇ" ಎಂದರು. ಅಷ್ಟು ಹೇಳಿ ಮತ್ತೆ ಕಿಟಕಿಯ ಕಡೆಗೆ ತಿರುಗಿದರು.

ಮದುವೆಯಾಗಿ ಬಂದು ಇಪ್ಪತ್ತೆಂಟು ವರ್ಷ ಕಳೆದರೂ ಅತ್ತೆಯ ತವರೂರನ್ನು ನಾನು ನೋಡಿರಲಿಲ್ಲ. ಯಾರೂ ನೋಡುವಂತಿರಲಿಲ್ಲ. ಅದು ಶರಾವತಿಯ ನೀರಿನಡಿ ಇದೆ. ಅವರ ಅಣ್ಣನ ಮಗನ ಮನೆಗೆ ಎರಡು ಸಲ ಹೋಗಿ ಬಂದಿದ್ದೆವಾದರೂ ಅದು 'ಹೊಸ ಊರು'. ಕಟ್ಟಿ ಅರವತ್ತು ವರ್ಷವಾದರೂ ಮನೆಮಂದಿಯ ಬಾಯಲ್ಲಿ ಅದು ಇಂದಿಗೂ ಹೊಸ ಊರೇ. ಆ ರಾತ್ರಿ ನಮ್ಮವರ ಹತ್ತಿರ ಪ್ರಸ್ತಾಪಿಸಿದೆ: ಈ ಸಲದ ಕ್ರಿಸ್ಮಸ್ ರಜೆಗೆ ಮಹಾಬಳೇಶ್ವರವೂ ಬೇಡ, ಗೋವವೂ ಬೇಡ. ಲಿಂಗನಮಕ್ಕಿ ಅಣೆಕಟ್ಟು ನೋಡಿಕೊಂಡು ಬರೋಣ.

ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೈದುನನ ಮಗನಿಗೆ ಸುದ್ದಿ ತಿಳಿದದ್ದೇ ತಡ, "ದೊಡ್ಡಮ್ಮ, ನಾನೂ ಬರ್ತೀನಿ" ಎಂದು ಫೋನು ಮಾಡಿದ. ಅವನಿಗೆ ಟರ್ಬೈನು ನೋಡುವ ಆಸೆ. ನನ್ನ ಮಗಳಿಗೆ ಜಲಪಾತದ ಆಸೆ. ಅತ್ತೆಗೆ ಏನಾಸೆ ಎಂದು ಯಾರೂ ಕೇಳಲಿಲ್ಲ. ಅವರು ಚಕ್ಕುಲಿ ಹಿಟ್ಟು ಬೀಸಿಸಲು ಹೊರಟಿದ್ದರು, ಅದನ್ನೇ ಒಪ್ಪಿಗೆ ಎಂದುಕೊಂಡೆವು.

*

ಮುಂಬಯಿಯಿಂದ ರಾತ್ರಿ ಕೊಂಕಣ ರೈಲು ಹತ್ತಿ ಮರುದಿನ ಹೊನ್ನಾವರದಲ್ಲಿ ಇಳಿದೆವು. ಶರಾವತಿ ಕಡಲನ್ನು ಸೇರುವುದು ಇಲ್ಲಿಯೇ. ನೀವು ಮಂಗಳೂರು, ಉಡುಪಿಯ ಕಡೆಗೆ ಎಷ್ಟೋ ಸಲ ಈ ಹಾದಿಯಲ್ಲಿ ಹೋಗಿರಬಹುದು. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಮೀರಿದ್ದು, ಇರುವುದು ಇದೇ ಹೊನ್ನಾವರದ ಶರಾವತಿಯ ಮೇಲೆ. ರೈಲು ಅದನ್ನು ದಾಟುವಾಗ ನಮ್ಮಲ್ಲಿ ಅರ್ಧ ಜನ ನಿದ್ದೆಯಲ್ಲಿರುತ್ತೇವೆ, ಉಳಿದರ್ಧ ಜನ ಚಹಾದವನನ್ನು ಕರೆಯುತ್ತಿರುತ್ತೇವೆ.

ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಈ ನದಿ ಹುಟ್ಟುತ್ತದೆ. ಸೀತೆಗೆ ಬಾಯಾರಿಕೆಯಾದಾಗ ಶ್ರೀರಾಮ ನೆಲಕ್ಕೆ ಬಾಣ ಹೊಡೆದನಂತೆ; ಶರದಿಂದ ಹುಟ್ಟಿದ್ದರಿಂದ ಶರಾವತಿ. ಹುಟ್ಟಿನಿಂದ ಕಡಲಿನವರೆಗೆ ಅದರ ಉದ್ದ ಸುಮಾರು 128 ಕಿಲೋಮೀಟರ್ ಅಷ್ಟೇ. ನಮ್ಮ ಕೃಷ್ಣೆ, ಕಾವೇರಿಗಳ ಮುಂದೆ ಇದು ಪುಟ್ಟ ಹುಡುಗಿ. ಆದರೆ ಈ ಹುಡುಗಿ ಘಟ್ಟದ ಮೇಲಿನಿಂದ ಒಂದೇ ನೆಗೆತಕ್ಕೆ ಕೆಳಗೆ ಹಾರುತ್ತಾಳೆ. ಅದೇ ಅವಳ ಸೊಬಗು, ಅದೇ ಅವಳಿಗೆ ಬಂದ ಕಷ್ಟ ಕೂಡ.

ಹೊನ್ನಾವರದಿಂದ ಬಾಡಿಗೆ ಕಾರು ಮಾಡಿಕೊಂಡು ಗೇರುಸೊಪ್ಪೆಯ ದಾರಿ ಹಿಡಿದೆವು. ಹದಿನಾರನೆಯ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ ನಾಡು ಇದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಗೇರುಸೊಪ್ಪೆ ದಾಟಿದ ಮೇಲೆ ಘಟ್ಟ. ತಿರುವಿನ ಮೇಲೆ ತಿರುವು, ಎರಡೂ ಕಡೆ ಬಿಸಿಲು ನೆಲ ಮುಟ್ಟದಂಥ ಕಾಡು. ಈ ಕಣಿವೆಯ ಕಾಡಿನಲ್ಲಿ ಸಿಂಗಳೀಕಗಳಿವೆ. 1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯವಾಯಿತು. ನಮಗೆ ಸಿಂಗಳೀಕ ಕಾಣಲಿಲ್ಲ. ನಮ್ಮ ಚಕ್ಕುಲಿ ಕಟ್ಟಿನ ಮೇಲೆ ಕಣ್ಣು ಹಾಕಿದ ಮಾಮೂಲು ಕೋತಿಗಳು ಮಾತ್ರ ಬೇಕಾದಷ್ಟು ಕಂಡವು.

ಜೋಗವನ್ನು ತಲುಪಿದಾಗ ಮಧ್ಯಾಹ್ನ. ಡಿಸೆಂಬರಿನ ಜೋಗ ಎಂದರೆ ನಿಜ ಹೇಳಬೇಕು, ಕ್ಯಾಲೆಂಡರಿನಲ್ಲಿ ನೋಡುವ ಜೋಗವಲ್ಲ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಲ್ಲಿ ಎರಡು ಸಪೂರ ಬಿಳಿ ದಾರಗಳಂತೆ ಇಳಿಯುತ್ತಿದ್ದವು, ಉಳಿದೆರಡನ್ನು ಹುಡುಕಬೇಕಾಗಿತ್ತು. 830 ಅಡಿ ಎತ್ತರದ ಕರಿಬಂಡೆ ಮಾತ್ರ ಎದೆ ಝಲ್ಲೆನ್ನುವಂತೆ ನಿಂತಿತ್ತು. ಮಗಳಿಗೆ ನಿರಾಸೆ. "ನೀರೆಲ್ಲ ಎಲ್ಲಿ ಹೋಯ್ತು?"

"ಮೇಲೆ ತಡೆದು ಇಟ್ಟಿದ್ದಾರೆ. ನಾಳೆ ತೋರಿಸ್ತೀನಿ ಬಾ" ಎಂದ ಮೈದುನನ ಮಗ, ಅಣೆಕಟ್ಟು ಅವನದೇ ಆಸ್ತಿ ಎಂಬಂತೆ.

ಸರ್ ಎಂ. ವಿಶ್ವೇಶ್ವರಯ್ಯನವರು ಜೋಗವನ್ನು ನೋಡಿ, ಇಷ್ಟೊಂದು ಶಕ್ತಿ ವ್ಯರ್ಥವಾಗುತ್ತಿದೆಯಲ್ಲ ಎಂದು ಉದ್ಗರಿಸಿದರೆಂದು ಹೇಳುವುದುಂಟು. ಕವಿಯೊಬ್ಬ ಬಂದು ನಿಂತರೆ ಅವನಿಗೆ ಕಾಣುವುದೇ ಬೇರೆ. ಬಿ.ಎ. ತರಗತಿಯಲ್ಲಿ ವರ್ಡ್ಸ್‌ವರ್ತನ ಪದ್ಯಗಳನ್ನು ಓದಿದ ನಾನು ಅಂದು ಕವಿಯ ಪಕ್ಷವನ್ನೇ ಹಿಡಿಯಬೇಕಿತ್ತು. ಆದರೆ ಸಂಜೆ ವಸತಿಗೃಹದಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದಾಗ ನಾನು ಯಾವ ಪಕ್ಷ ಎಂಬುದು ನನಗೇ ಗೊತ್ತಾಯಿತು!

*

ಮರುದಿನ ಬೆಳಿಗ್ಗೆ ಕಾರ್ಗಲ್ಲಿನ ಮೇಲೆ ಲಿಂಗನಮಕ್ಕಿಗೆ ಹೋದೆವು. ಜೋಗದಿಂದ ದೂರವೇನೂ ಇಲ್ಲ. ಆದರೆ ಹೀಗೆಯೇ ಹೋಗಿ ಒಳಗೆ ನುಗ್ಗುವಂತಿಲ್ಲ. ಅಣೆಕಟ್ಟು, ವಿದ್ಯುದಾಗಾರಗಳಿಗೆ ಬಿಗಿ ಕಾವಲಿದೆ, ಮೊದಲೇ ಅನುಮತಿ ಪಡೆದಿರಬೇಕು. ನಮ್ಮವರ ಗೆಳೆಯರೊಬ್ಬರು ಆ ಓಡಾಟವನ್ನೆಲ್ಲ ಮಾಡಿಟ್ಟಿದ್ದರಿಂದ ನಮಗೆ ಅಣೆಕಟ್ಟಿನ ಮೇಲೆ ಕಾಲಿಡುವ ಭಾಗ್ಯ ದೊರೆಯಿತು. ಕ್ಯಾಮೆರಾ, ಮೊಬೈಲುಗಳನ್ನು ಗೇಟಿನಲ್ಲೇ ಒಪ್ಪಿಸಿದೆವು. ಮಕ್ಕಳಿಗೆ ಕೈಯೇ ಕಳೆದುಹೋದಂತಾಯಿತು. ಅದರಿಂದ ಒಳ್ಳೆಯದೇ ಆಯಿತು, ಒಂದು ಗಂಟೆಯ ಹೊತ್ತು ಕಣ್ಣಿನಿಂದಲೇ ನೋಡಿದರು.

ದೂರದಿಂದ ನೋಡಿದರೆ ಇದು ಅಣೆಕಟ್ಟು ಎನಿಸುವುದಿಲ್ಲ, ಬೆಟ್ಟದ ಸಾಲು ಎನಿಸುತ್ತದೆ. ಎರಡು ಕಿಲೋಮೀಟರಿಗೂ ಮೀರಿದ ಉದ್ದ. ನಡುವೆ ಕಲ್ಲಿನ ಕಟ್ಟು, ಅಕ್ಕಪಕ್ಕದಲ್ಲಿ ಮಣ್ಣಿನ ದಿಬ್ಬ. ನೀರು ಹೆಚ್ಚಾದಾಗ ಹೊರಬಿಡಲು 11 ಬಾಗಿಲುಗಳು. ನಾವು ಹೋದಾಗ ಎಲ್ಲವೂ ಮುಚ್ಚಿದ್ದವು. ಒಂದು ಕಡೆ ಆಳದಲ್ಲಿ ಒಣಗಿದ ನದಿಯ ಪಾತ್ರ, ಬಂಡೆಗಳು. ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ನೀರು, ನೀರು, ನೀರು. ಅದರೊಳಗೆ ಅಲ್ಲಲ್ಲಿ ಹಸಿರು ನಡುಗಡ್ಡೆಗಳು. ಒಂದು ಕಾಲದಲ್ಲಿ ಅವು ಗುಡ್ಡದ ನೆತ್ತಿಗಳಾಗಿದ್ದವು.

ನಮಗೆ ತೋರಿಸಲು ಬಂದ ಹಿರಿಯ ಸಿಬ್ಬಂದಿ ಬಹಳ ಸಜ್ಜನರು. ಮುಂಬಯಿಯಿಂದ ಕನ್ನಡದ ಮಕ್ಕಳು ಬಂದಿದ್ದಾರೆಂದು ಅವರಿಗೆ ಹಿಗ್ಗು. ವಿವರಗಳನ್ನು ಒಂದೊಂದಾಗಿ ಹೇಳಿದರು. 1964ರಲ್ಲಿ ಅಣೆಕಟ್ಟು ಪೂರ್ತಿಯಾಯಿತು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಹರವು ಸುಮಾರು 300 ಚದರ ಕಿಲೋಮೀಟರ್. ಹಿಡಿಯುವ ನೀರು 151 ಟಿ.ಎಂ.ಸಿ.ಗೂ ಹೆಚ್ಚು.

ಟಿ.ಎಂ.ಸಿ. ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವಾದರೂ ಅದು ಎಷ್ಟು ಎಂದು ನನಗೆ ಎಂದೂ ಮನಸ್ಸಿಗೆ ಹತ್ತಿರಲಿಲ್ಲ. ಮೈದುನನ ಮಗ ಅಲ್ಲೇ ಲೆಕ್ಕ ಹಾಕಿದ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಮುಂಬಯಿ ನಗರಕ್ಕೆ ದಿನಕ್ಕೆ ಸರಬರಾಜಾಗುವ ನೀರು ಹತ್ತಿರ ಹತ್ತಿರ 400 ಕೋಟಿ ಲೀಟರ್. ಅಂದರೆ ಈ ಒಂದು ಜಲಾಶಯ ತುಂಬಿದರೆ ಇಡೀ ಮುಂಬಯಿಗೆ ಸುಮಾರು ಮೂರು ವರ್ಷ ಸಾಕು! ಬೆಳಿಗ್ಗೆ ನೀರು ಬರುವ ಒಂದೂವರೆ ಗಂಟೆಯಲ್ಲಿ ಬಕೆಟ್ಟು, ಡ್ರಮ್ಮು, ಪಾತ್ರೆ ಎಂದು ಓಡಾಡುವ ನನ್ನಂಥವಳಿಗೆ ಆ ಮಾತು ಕೇಳಿ ತಲೆ ತಿರುಗಿತು.

ಇಲ್ಲಿಂದ ಮುಂದೆ ನೀರು ಏನು ಮಾಡುತ್ತದೆ ಎಂಬುದು ಇನ್ನೂ ಸ್ವಾರಸ್ಯ. ಅಣೆಕಟ್ಟಿನ ಬುಡದಲ್ಲಿಯೇ 55 ಮೆಗಾವಾಟಿನ ಚಿಕ್ಕ ವಿದ್ಯುದಾಗಾರ. ಅಲ್ಲಿ ದುಡಿದ ನೀರು ಕಾಲುವೆಯಲ್ಲಿ ಹರಿದು ತಲಕಳಲೆ ಎಂಬ ಇನ್ನೊಂದು ಜಲಾಶಯಕ್ಕೆ ಹೋಗುತ್ತದೆ. ಅಲ್ಲಿಂದ ದೊಡ್ಡ ದೊಡ್ಡ ಕೊಳವೆಗಳಲ್ಲಿ 400 ಮೀಟರಿಗೂ ಹೆಚ್ಚು ಆಳದ ಕಣಿವೆಗೆ ಧುಮುಕಿ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಒಂದೊಂದು ಯಂತ್ರ 103.5 ಮೆಗಾವಾಟ್, ಒಟ್ಟು 1035. ನಮ್ಮ ಮನೆಯ ಗೀಜರ್ ಎರಡು ಕಿಲೋವಾಟಿನದು. ಅಂಥ ಐದು ಲಕ್ಷಕ್ಕೂ ಹೆಚ್ಚು ಗೀಜರುಗಳನ್ನು ಒಟ್ಟಿಗೆ ಹಾಕಿದ ಹಾಗೆ ಎಂದುಕೊಳ್ಳಿ. ಇಲ್ಲಿನ ಚಕ್ರದ ಅಂಚಿಗೆ ಜೋಡಿ ಸೌಟುಗಳಂಥ ಬಟ್ಟಲುಗಳಿರುತ್ತವೆ. ಸಣ್ಣ ಬಾಯಿಯಿಂದ ರಭಸವಾಗಿ ಬರುವ ನೀರು ಆ ಬಟ್ಟಲುಗಳಿಗೆ ಬಡಿದು ಚಕ್ರ ತಿರುಗುತ್ತದೆ. ಅಮೆರಿಕದ ಪೆಲ್ಟನ್ ಎಂಬಾತ ಕಂಡುಹಿಡಿದದ್ದರಿಂದ ಅದು ಪೆಲ್ಟನ್ ಚಕ್ರ. ಅಲ್ಲಿಂದ ಹೊರಬಿದ್ದ ನೀರಿಗೂ ಬಿಡುವಿಲ್ಲ. ಗೇರುಸೊಪ್ಪೆಯಲ್ಲಿ ಅದನ್ನು ಮತ್ತೊಮ್ಮೆ ತಡೆದು 240 ಮೆಗಾವಾಟ್ ತೆಗೆಯುತ್ತಾರೆ. ಆಮೇಲೆಯೇ ಅದಕ್ಕೆ ಕಡಲಿಗೆ ಹೋಗಲು ಅಪ್ಪಣೆ. ಒಂದೇ ಹಿಟ್ಟಿನಲ್ಲಿ ಮೂರು ಬಗೆಯ ತಿಂಡಿ ಮಾಡುವ ಗೃಹಿಣಿಯ ಜಾಣತನ ಇದು ಎಂದುಕೊಂಡೆ.

ಜೋಗದ ಬಳಿಯ ವಿದ್ಯುತ್ತಿಗೆ ಇದಕ್ಕಿಂತ ಹಳೆಯ ಚರಿತ್ರೆಯಿದೆ. 1948ರಲ್ಲಿಯೇ ಅಲ್ಲಿ ಕೃಷ್ಣರಾಜೇಂದ್ರ ಜಲವಿದ್ಯುತ್ ಕೇಂದ್ರ ಆರಂಭವಾಗಿತ್ತು. ಮುಂದೆ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. ಅದಕ್ಕೆ ನೀರು ಒದಗಿಸಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು, ಮಡೇನೂರು ಅಣೆಕಟ್ಟು ಎಂದೂ ಹೇಳುತ್ತಾರೆ. ಹದಿನಾರು ವರ್ಷಗಳ ಮೇಲೆ ಲಿಂಗನಮಕ್ಕಿ ಬಂದಾಗ ಆ ಅಣೆಕಟ್ಟೇ ನೀರಿನಲ್ಲಿ ಮುಳುಗಿಹೋಯಿತು! ಅಣೆಕಟ್ಟು ಊರನ್ನು ನುಂಗುವುದನ್ನು ಕೇಳಿದ್ದೇವೆ, ಅಣೆಕಟ್ಟನ್ನೇ ಅಣೆಕಟ್ಟು ನುಂಗಿದ್ದು ಇಲ್ಲಿ. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ತಳ ಕಂಡಾಗ ಹಳೆಯ ಅಣೆಕಟ್ಟು ಇಡಿಯಾಗಿ ಮೇಲೆ ಬರುತ್ತದೆ, ಜನ ಜಾತ್ರೆಗೆ ಹೋದ ಹಾಗೆ ನೋಡಲು ಹೋಗುತ್ತಾರೆ.

*

ಇಷ್ಟು ಹೊತ್ತೂ ಅತ್ತೆ ಒಂದು ಮಾತನ್ನೂ ಆಡಿರಲಿಲ್ಲ. ಸೆರಗನ್ನು ತಲೆಗೆ ಹೊದ್ದು ನೀರಿನ ಕಡೆಗೇ ನೋಡುತ್ತಿದ್ದರು. ಆ ಹಿರಿಯರು ವಿಶ್ವಾಸದಿಂದ, "ಅಜ್ಜೀ, ಮೊದಲನೇ ಸಲ ನೋಡ್ತಿರೋದಾ?" ಎಂದು ಕೇಳಿದರು.

"ಇಲ್ಲಪ್ಪ, ಕಟ್ಟುವಾಗ ನೋಡಿದ್ದೆ" ಎಂದರು ಅತ್ತೆ. "ನಮ್ಮಣ್ಣ ಇಲ್ಲಿ ಕಲ್ಲು ಹೊತ್ತಿದ್ದ. ವಾರಕ್ಕೊಂದ್ಸಲ ಬುತ್ತಿ ತರ್ತಿದ್ದೆ."

ಇದು ನಮಗಾರಿಗೂ ಗೊತ್ತಿರಲಿಲ್ಲ. ನಮ್ಮವರಿಗೂ ಗೊತ್ತಿರಲಿಲ್ಲ! ತಮ್ಮ ಮನೆಯನ್ನು ಮುಳುಗಿಸುವ ಕಟ್ಟೆಗೆ ಅವರ ಅಣ್ಣ ಕೂಲಿ ಮಾಡಿದ್ದ. ಅಡಿಕೆ, ಭತ್ತ ಬಿಟ್ಟರೆ ರೊಕ್ಕದ ಮುಖ ನೋಡದ ಮನೆಗೆ ವಾರ ವಾರ ಬಟವಾಡೆ ಬಂದದ್ದು ಅದೇ ಮೊದಲು. ಆ ದುಡ್ಡಿನಲ್ಲಿ ಅವನು ಒಂದು ಟಾರ್ಚು ಕೊಂಡನಂತೆ. ರಾತ್ರಿ ಊರಿಗೆಲ್ಲ ಅದರ ಬೆಳಕು ಬಿಟ್ಟು ತೋರಿಸುತ್ತಿದ್ದನಂತೆ. "ಕಟ್ಟೆ ಆದ್ಮೇಲೆ ಮನೆಮನೇಲಿ ಹೀಗೇ ಬೆಳಕು ಅಂತಿದ್ದ" ಎಂದು ಅತ್ತೆ ನಕ್ಕರು.

ಮಗಳು ಮೆಲ್ಲನೆ ಕೇಳಿದಳು: "ನಿಮ್ಮೂರು ಎಲ್ಲಿತ್ತು ಅಜ್ಜಿ?"

ಅತ್ತೆ ಕೈ ಎತ್ತಿ ತೋರಿಸಿದರು. ನಾವೆಲ್ಲ ಆ ಕಡೆ ನೋಡಿದೆವು. ನೀರು ಬಿಟ್ಟು ಬೇರೆ ಏನಿದೆ? "ಆ ನಡುಗಡ್ಡೆ ಇದೆಯಲ್ಲ, ಅದರ ಹಿಂದೆ, ಇನ್ನೂ ಆಚೆ" ಎಂದರು. ನಾವು ಹೌದು ಹೌದು ಎಂದು ತಲೆಯಾಡಿಸಿದೆವು. ನಮಗೇನೂ ಕಂಡಿರಲಿಲ್ಲ.

ಅಲ್ಲೇ ಕಟ್ಟೆಗೊರಗಿ ನಿಂತು ಅವರು ಹೇಳಿದ್ದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ. ಆಗ ಅವರಿಗೆ ಹದಿನೈದು ವರ್ಷ. ಮನೆಯನ್ನು ತಾವೇ ಬಿಚ್ಚಿದರು. ಹೆಂಚು, ಕಂಬ, ಹೆಬ್ಬಾಗಿಲು, ಒರಳುಕಲ್ಲು ಎಲ್ಲವನ್ನೂ ಲಾರಿಗೆ ಹೇರಿದರು. ಅಡಿಕೆ ತೋಟವನ್ನು ಲಾರಿಗೆ ಹೇರಲು ಬರುವುದಿಲ್ಲವಲ್ಲ? ಗೊನೆ ಬಿಟ್ಟ ಮರಗಳು ಹಾಗೆಯೇ ನಿಂತಿದ್ದವು. ದನಗಳನ್ನು ನಡೆಸಿಕೊಂಡೇ ಹೋದರು. ಅವುಗಳಲ್ಲೊಂದು ಕಪ್ಪು ಹಸು ಮೂರು ದಿನಕ್ಕೆ ಹಗ್ಗ ಹರಿದುಕೊಂಡು ಹಳೆಯ ಊರಿಗೆ ವಾಪಸು ಓಡಿತು. ಅಪ್ಪ ಹೋಗಿ ಹಿಡಿದು ತಂದರು. ಮತ್ತೆ ಓಡಿತು, ಮತ್ತೆ ತಂದರು. ಮೂರನೆಯ ಸಲ ಹೋದವರು ಎರಡು ದಿನ ಬರಲಿಲ್ಲ. ಬಂದಾಗ ಹಸು ಜೊತೆಗಿರಲಿಲ್ಲ. "ನೀರು ಕೊಟ್ಟಿಗೆಗೆ ಬಂತು" ಎಂದಷ್ಟೇ ಹೇಳಿ ಊಟಕ್ಕೆ ಕುಳಿತರಂತೆ. ಹಸು ಏನಾಯಿತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

"ಹೊಸ ಮನೆಗೆ ಕರೆಂಟು?" ಎಂದು ಕೇಳಿದ ಮೈದುನನ ಮಗ.

"ನಾನು ಮದುವೆಯಾಗಿ ಮುಂಬಯಿಗೆ ಬಂದು, ನಿನ್ನ ದೊಡ್ಡಪ್ಪ ಹುಟ್ಟಿ, ನಿಮ್ಮಪ್ಪನೂ ಹುಟ್ಟಿ, ಬಾಣಂತನಕ್ಕೆ ಹೋದಾಗಲೂ ಅಲ್ಲಿ ಬುಡ್ಡಿ ದೀಪವೇ. ಅಣ್ಣನ ಟಾರ್ಚಿನ ಸೆಲ್ಲು ಮುಗಿದು ತುಕ್ಕು ಹಿಡಿದಿತ್ತು."

*

ಕಾರಿನಲ್ಲಿ ಮಕ್ಕಳಿಬ್ಬರಿಗೂ ಜಗಳ ಹತ್ತಿತು. ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಸೇರಿದ ಜಗಳ. ಮಗಳ ಕಣ್ಣು ಕೆಂಪಾಗಿತ್ತು: ಇದು ಅನ್ಯಾಯ, ಯಾರದೋ ಫ್ಯಾನಿಗೆ ಇನ್ನಾರದೋ ಮನೆ ಮುಳುಗಿಸುವುದು ಯಾವ ಪ್ರಗತಿ? ಅಣ್ಣನೂ ಬಿಡಲಿಲ್ಲ: 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಆರಂಭವಾಗುವವರೆಗೂ ಕರ್ನಾಟಕದ ದೀಪ ಉರಿದದ್ದು ಬಹುಪಾಲು ಈ ನೀರಿನಿಂದ, ಕಾರ್ಖಾನೆ, ಆಸ್ಪತ್ರೆ, ಪಂಪ್‌ಸೆಟ್ಟು ಎಲ್ಲ ಬಂದದ್ದು ಹೇಗೆ? ಕಲ್ಲಿದ್ದಲು ಸುಟ್ಟು ಹೊಗೆ ಕುಡಿಯಬೇಕಿತ್ತೇ?

ಇಬ್ಬರ ಮಾತೂ ಸುಳ್ಳಲ್ಲ. 1954ರಲ್ಲಿ ನಂಗಲ್ಲಿನಲ್ಲಿ ಪಂಡಿತ ನೆಹರೂ ಇಂಥ ಕಾಮಗಾರಿಗಳನ್ನು ಹೊಸ ಕಾಲದ ದೇವಾಲಯಗಳೆಂದು ಹೊಗಳಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದೇ ನೆಹರೂ 1958ರಲ್ಲಿ, ದೊಡ್ಡದನ್ನೇ ಕಟ್ಟಬೇಕೆಂಬ ಹಂಬಲ ಒಂದು ರೋಗವಾದೀತೆಂದು ಎಂಜಿನಿಯರುಗಳ ಸಭೆಯಲ್ಲಿ ಎಚ್ಚರಿಸಿದ್ದನ್ನು ನಮಗೆ ಯಾರೂ ಕಲಿಸಲಿಲ್ಲ.

ಅತ್ತೆಯೇ ಜಗಳ ನಿಲ್ಲಿಸಿದರು. "ಇಬ್ರೂ ಸುಮ್ನಿರಿ. ಕಟ್ಟಿದ್ದು ತಪ್ಪು ಅಂತ ನಾನೆಲ್ಲಿ ಹೇಳ್ದೆ? ನಮ್ಮಣ್ಣನೇ ಕಲ್ಲು ಹೊತ್ತಿದ್ದಾನೆ. ನಾ ಕೇಳೋದು ಇಷ್ಟೇ. ಕೊಟ್ಟವರಿಗೆ ಕೊಟ್ಟಿದ್ದಕ್ಕೆ ಒಂದು ಕಾಗದ ಬೇಡ್ವಾ?"

ಕಾಗದ ಎಂದರೆ ಹಕ್ಕುಪತ್ರ. ಮುಳುಗಡೆಯಾದವರನ್ನು ಕರೆದೊಯ್ದು ಕೂರಿಸಿದ ಜಾಗಗಳಲ್ಲಿ ಬಹಳಷ್ಟು ದಾಖಲೆಯಲ್ಲಿ ಅರಣ್ಯ ಭೂಮಿ. ಮೂರನೆಯ ತಲೆಮಾರು ಉಳುತ್ತಿದ್ದರೂ ಎಷ್ಟೋ ಕುಟುಂಬಗಳಿಗೆ ಆ ನೆಲ ತಮ್ಮದೆಂದು ಹೇಳುವ ಪತ್ರ ಇನ್ನೂ ಸರಿಯಾಗಿ ಕೈಗೆ ಬಂದಿಲ್ಲ. ಹೋರಾಟ, ಪಾದಯಾತ್ರೆಗಳು ನಡೆಯುತ್ತಲೇ ಇವೆ. ಅತ್ತೆಯ ಅಣ್ಣನ ಮಗನೂ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಕಾಗದಗಳ ಕಟ್ಟು ಇಟ್ಟುಕೊಂಡು ಇಂದಿಗೂ ಕಚೇರಿಗಳಿಗೆ ಅಲೆಯುತ್ತಾನೆ. ಈಗ ಅದೇ ಕಣಿವೆಯಲ್ಲಿ ತಲಕಳಲೆಗೂ ಗೇರುಸೊಪ್ಪೆಗೂ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2000 ಮೆಗಾವಾಟಿನ ಹೊಸ ಯೋಜನೆಯ ಮಾತು ಎದ್ದು, ಪರ ವಿರೋಧ ಎರಡೂ ಜೋರಾಗಿದೆ. ಹಳೆಯ ಬಾಕಿ ತೀರದಿರುವಾಗ ಜನ ಹೊಸ ಮಾತನ್ನು ನಂಬುವುದು ಕಷ್ಟ, ಅಷ್ಟು ನನಗೆ ಅರ್ಥವಾಯಿತು.

ಮೈದುನನ ಮಗ ಆಮೇಲೆ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಜ್ಜಿ, ನೀರು ಕಡಿಮೆಯಾದಾಗ ಹಳೇ ಡ್ಯಾಮ್ ಕಾಣೋ ಹಾಗೆ ನಿಮ್ಮೂರೂ ಕಾಣುತ್ತಾ?" ಎಂದು ಕೇಳಿದ.

"ಒಂದೊಂದು ವರ್ಷ ದೇವಸ್ಥಾನದ ಕಲ್ಲು ಕಾಣ್ತದಂತೆ. ಅಣ್ಣ ಹೋಗಿ ಹೂವಿಟ್ಟು ಬರ್ತಿದ್ದ" ಎಂದರು ಅತ್ತೆ. ಆಮೇಲೆ ತಮಾಷೆಯೋ ನಿಜವೋ ತಿಳಿಯದಂಥ ದನಿಯಲ್ಲಿ, "ನಿಮಗೆಲ್ಲ ಕರೆಂಟು ಹೋದ ವರ್ಷ ನಮಗೆ ಊರು ಕಾಣ್ತದೆ" ಎಂದರು.

*

ಸಾಗರದಲ್ಲಿ ಊಟ ಮಾಡಿ ಸಿಗಂದೂರಿಗೆ ಹೊರಟೆವು. ಸಿಗಂದೂರು ಚೌಡೇಶ್ವರಿ ಈ ಸೀಮೆಯ ಕಾವಲು ದೇವತೆ. ತೋಟ, ಗದ್ದೆಗಳಲ್ಲಿ ದೇವಿಯ ಕಾವಲಿದೆ ಎಂದು ಫಲಕ ನೆಟ್ಟರೆ ಕಳ್ಳರು ಒಂದು ಅಡಿಕೆಯನ್ನೂ ಮುಟ್ಟುವುದಿಲ್ಲ ಎಂಬುದು ಇಲ್ಲಿನವರ ನಂಬಿಕೆ. ದೇವಸ್ಥಾನ ಹಿನ್ನೀರಿನ ಆಚೆ ದಡದಲ್ಲಿದೆ. ತುಮರಿ, ಬ್ಯಾಕೋಡು ಮೊದಲಾದ ಊರುಗಳೂ ಆಚೆ ಕಡೆಗೇ ಉಳಿದವು. ನೀರು ಬಂದ ಮೇಲೆ ಅವರಿಗೆ ಸಾಗರ ಪೇಟೆಯ ನೇರ ದಾರಿ ಎಂದರೆ ಲಾಂಚ್ ಒಂದೇ. ಬಸ್ಸು, ಜೀಪುಗಳನ್ನೂ ಅದರ ಮೇಲೆಯೇ ಹತ್ತಿಸಿ ದಾಟಿಸುತ್ತಿದ್ದರು. ಪ್ರವಾಸಿಗಳಿಗೆ ಅದು ಮೋಜು. ನಾವೂ ಹಿಂದೊಮ್ಮೆ ಅದರಲ್ಲಿ ಕಡಲೆಕಾಯಿ ತಿನ್ನುತ್ತ ದಾಟಿದ್ದೆವು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದವಳಿಗೆ ಅದು ಮೋಜಾಗಿರಲಿಲ್ಲ.

ಈಗ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ತೂಗು ಹಗ್ಗಗಳ ಸೇತುವೆಯಾಗಿದೆ. 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ನಮ್ಮ ಕಾರು ಕೆಲವೇ ನಿಮಿಷಗಳಲ್ಲಿ ಆಚೆ ದಡದಲ್ಲಿತ್ತು. ಅತ್ತೆ ಬೆರಳು ಮಡಿಚಿ ಎಣಿಸಿದರು. "ಅರವತ್ತೊಂದು ವರ್ಷ" ಎಂದರು. ಅಷ್ಟೇ. ಕಟ್ಟೆ ಕಟ್ಟಿದ ದೇಶಕ್ಕೆ ಸೇತುವೆ ಕಟ್ಟಲು ಬೇಕಾದ ಕಾಲ ಅದು. ದೇವಿಗೆ ಹಣ್ಣುಕಾಯಿ ಮಾಡಿಸಿ, ಪ್ರಸಾದದ ಊಟ ಮಾಡಿ ಹಿಂದಿರುಗಿದೆವು.

*

ಮುಂಬಯಿಯಲ್ಲಿ ಕುಳಿತು ಇದನ್ನು ಓದುತ್ತಿರುವ ಮಕ್ಕಳೇ, ಇದು ಯಾವುದೋ ದೂರದ ಮಲೆನಾಡಿನ ಕಥೆ ಎಂದುಕೊಳ್ಳಬೇಡಿ. ನಮ್ಮ ಈ ನಗರದ ದೀಪಕ್ಕೂ ಇಂಥದೇ ಚರಿತ್ರೆಯಿದೆ. ಪುಣೆ ಜಿಲ್ಲೆಯ ಮುಳಶಿಯಲ್ಲಿ ಮುಂಬಯಿಗೆ ವಿದ್ಯುತ್ ಒದಗಿಸಲು ಅಣೆಕಟ್ಟು ಕಟ್ಟಹೊರಟಾಗ 1921ರಲ್ಲಿಯೇ ರೈತರು ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟರು ಅದರ ಮುಂದಾಳು. ಅಣೆಕಟ್ಟು ನಿಲ್ಲಲಿಲ್ಲ. ಕೊಯ್ನಾ ಕಟ್ಟಿದಾಗಲೂ ಊರುಗಳು ಮುಳುಗಿದವು. ನಾವು ಕುಡಿಯುವ ನೀರು ವೈತರಣಾ, ಭಾತ್ಸಾ ಅಣೆಕಟ್ಟುಗಳಿಂದ ಬರುವುದು. ನಮ್ಮ ಕಟ್ಟಡದ ಲಿಫ್ಟಿನಲ್ಲಿ ನಮ್ಮ ಜೊತೆ ಮೇಲೇರುವ ಯಾರದೋ ಅಜ್ಜಿಯ ಊರು ಅಲ್ಲಿ ನೀರಿನಡಿ ಇದ್ದೀತು. ಕೇಳಿದವರು ಯಾರು?

ಈ ವಿಷಯ ಇನ್ನೂ ತಿಳಿಯಬೇಕೆಂದರೆ ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಓದಿ. ಸಾಗರದಲ್ಲಿ ನೆಲೆಸಿದ್ದ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ಕೆಲಸ ಮಾಡುತ್ತ ಮುಳುಗಡೆಯನ್ನು ಕಣ್ಣಾರೆ ಕಂಡವರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2025ರ ಜನವರಿಯಲ್ಲಿ ತೀರಿಕೊಂಡರು. ಕನ್ನಡ ಓದುವುದು ನಿಧಾನವಾದರೆ 'ದ್ವೀಪ'ದ ಮೇಲೆ ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆಗೆದ ಚಿತ್ರವನ್ನು ನೋಡಿ. ಸೌಂದರ್ಯ ಅದರ ನಾಯಕಿ.

ಹೋಗಿ ಬರುವವರಿಗೆ ಎರಡು ಮಾತು. ಜೋಗದ ವೈಭವ ನೋಡಬೇಕಾದರೆ ಮಳೆಗಾಲದಲ್ಲಿ, ಆಗಸ್ಟ್ ಸುಮಾರಿಗೆ ಹೋಗಿ, ಕೊಡೆ ಮರೆಯಬೇಡಿ. ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕೆ ಬಂದರೆ ರಸ್ತೆಯಲ್ಲಿ ಜೋಗಕ್ಕೆ ಸುಮಾರು 60 ಕಿಲೋಮೀಟರ್. ಬೆಂಗಳೂರಿನ ಕಡೆಯಿಂದ ಬರುವವರಿಗೆ ತಾಳಗುಪ್ಪದವರೆಗೆ ರೈಲಿದೆ. ಅಣೆಕಟ್ಟು ನೋಡಲು ಅನುಮತಿಯನ್ನು ಮೊದಲೇ ವಿಚಾರಿಸಿಕೊಳ್ಳಿ. ಬಿಡುವಿದ್ದರೆ ಇಕ್ಕೇರಿ, ಕೆಳದಿಯ ದೇವಾಲಯಗಳನ್ನೂ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಅವರು ಮಾತಾಡುವವರೆಗೆ ಕಾಯಿರಿ.

ನಾವು ಮರಳಿ ಬಂದ ಮರುದಿನ ಮೈದುನನ ಮಗ ಪುಣೆಗೆ ಹೊರಡಬೇಕಿತ್ತು, ಹೊರಡಲಿಲ್ಲ. ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದ. ಅಳತೆಪಟ್ಟಿ, ಪೆನ್ಸಿಲ್ಲು, ರಬ್ಬರು. ಎಂಜಿನಿಯರಿಂಗ್ ಕಲಿತದ್ದಕ್ಕೆ ಸಾರ್ಥಕವಾಯಿತೆಂದು ನಮ್ಮವರು ಚುಡಾಯಿಸಿದರು. ಹೊಳೆ ಇಲ್ಲಿ, ದೇವಸ್ಥಾನ ಇಲ್ಲಿ, ಎಂಟು ಮನೆ, ಸಂಕ, ತೋಟಕ್ಕೆ ಇಳಿಯುವ ದಾರಿ. ನನ್ನ ಮಗಳು ಒಂದೊಂದರ ಪಕ್ಕದಲ್ಲೂ ತನ್ನ ನಿಧಾನದ ಕನ್ನಡದಲ್ಲಿ ಹೆಸರು ಬರೆಯುತ್ತಿದ್ದಳು. ನಾನು ಅಡಿಗೆಮನೆಯಲ್ಲಿ ದೀಪ ಹಾಕಿ ಚಹಾಕ್ಕಿಟ್ಟೆ.

"ಬಾವಿ ಇಲ್ಲೇನಾ ಅಜ್ಜಿ?"

"ಅಲ್ಲ ಮಾರಾಯ. ಇನ್ನೂ ಎಡಕ್ಕೆ. ಹಲಸಿನ ಮರ ಬರ್ಲಿ ಮೊದ್ಲು."

ರಬ್ಬರಿನಿಂದ ಉಜ್ಜುವ ಸದ್ದು ಕೇಳಿಸಿತು.